ದೊಡ್ಡವ್ವನ ಒಲೆ ಮತ್ತು ನನ್ನ ಹೈಡ್ರೋಜನ್

ಬೆಳಗಾವಿಯಲ್ಲಿ ನನ್ನನ್ನು ಯಾರೂ ಕೆಮಿಸ್ಟ್ರಿ ಮಾಸ್ತರ ಅನ್ನುವುದಿಲ್ಲ, 'ನೀರಿನ ಸರ್' ಅನ್ನುತ್ತಾರೆ. ಸದಾಶಿವನಗರದ ನಮ್ಮ ಓಣಿಯಲ್ಲಿ ಹಾಲು ತರಲು ಹೋದರೂ ಸಾಕು, ಯಾರಾದರೊಬ್ಬರು ಗಾಡಿ ನಿಲ್ಲಿಸಿ, "ಏನ್ರೀ ಸರ್, ನೀರಿನ ಮ್ಯಾಲ ಗಾಡಿ ಯಾವಾಗ ಓಡಸ್ತೀರಿ? ಪೆಟ್ರೋಲ್ ಹಾಕಿಸಿ ಹಾಕಿಸಿ ಸಾಕಾಗೇತ್ರಿ" ಎಂದು ಕೇಳುತ್ತಾರೆ. ನೀರಿನ ಮೇಲೆ ಯಾವ ಗಾಡಿಯೂ ಓಡುವುದಿಲ್ಲ ಎನ್ನುತ್ತೇನೆ. ನೀರೆಂದರೆ ಹೈಡ್ರೋಜನ್ ಸುಟ್ಟು ಉಳಿದ ಬೂದಿ ಇದ್ದ ಹಾಗೆ. ಕರೆಂಟು ಕೊಟ್ಟು ಅದನ್ನು ಒಡೆದರೆ ಹೈಡ್ರೋಜನ್ ಮತ್ತೆ ಸಿಗುತ್ತದೆ. ಆ ಕರೆಂಟು ಬಿಸಿಲಿನಿಂದಲೋ ಗಾಳಿಯಿಂದಲೋ ಬಂದರೆ ಮಾತ್ರ ಅದಕ್ಕೊಂದು ಅರ್ಥ, ಎಂದು ರಸ್ತೆಯಲ್ಲೇ ನಿಂತು ಬಿಡಿಸಿ ಹೇಳುತ್ತೇನೆ. "ಹೌದ್ರೀ, ಅದನ್ನ ನಾನೂ ಅಂದದ್ದು, ನೀರಿನ ಮ್ಯಾಲ ಓಡತೈತಿ" ಎಂದು ಅವರು ಗಾಡಿ ಚಾಲೂ ಮಾಡಿಕೊಂಡು ಹೋಗಿಬಿಡುತ್ತಾರೆ. ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಪಾಲಿಟೆಕ್ನಿಕ್ಕಿನಲ್ಲಿ ಪಾಠ ಮಾಡಿದವನಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಬೇಕೇ?

ಸೆಮಿನಾರುಗಳದು ಇನ್ನೊಂದು ತಲೆನೋವು. ಹಸಿರು ಹೈಡ್ರೋಜನ್ ಬರುತ್ತಿದೆ, ಕಲ್ಲಿದ್ದಲು ಹೋಗುತ್ತದೆ, ಡೀಸೆಲ್ ಹೋಗುತ್ತದೆ ಎಂದು ಪರದೆಯ ಮೇಲೆ ನೀಲಿ ಬಸ್ಸಿನ ಚಿತ್ರ ತೋರಿಸುತ್ತಾರೆ. ಯಾವಾಗ ಎಂದು ಕೇಳಿದರೆ ಇನ್ನು ಹತ್ತು ವರ್ಷ. ಹತ್ತು ವರ್ಷದ ಹಿಂದೆಯೂ ನಾನು ಅದೇ ಮಾತು ಕೇಳಿ, ಅದೇ ತಣ್ಣಗಾದ ಉಪ್ಪಿಟ್ಟು ತಿಂದು ಮನೆಗೆ ಬಂದಿದ್ದೆ. ಬರೀ ಮಾತಾಡುವ ಈ ಜನರ ಮೇಲೆ ನನಗೆ ಎಷ್ಟು ಸಿಟ್ಟಿತ್ತೆಂದರೆ, ಏನೇ ಆಗಲಿ, ನಾನೊಂದು ಒಲೆಯನ್ನಾದರೂ ಉರಿಸಿ ತೋರಿಸಬೇಕು ಎಂದು ಹಟ ಹಿಡಿದೆ. ಆ ಒಲೆ ನನ್ನ ದೊಡ್ಡವ್ವನಿಗಾಗಿ.

ದೊಡ್ಡವ್ವ ಎಂದರೆ ನಮ್ಮವ್ವನ ಅಕ್ಕ. ಖಾನಾಪುರ ತಾಲೂಕಿನ ಪಾರಿಶ್ವಾಡದಲ್ಲಿ ಅವಳ ಮನೆ. ನಾನು ಹೈಸ್ಕೂಲು ಓದಿದ್ದು ಅವಳ ಮನೆಯಲ್ಲಿದ್ದುಕೊಂಡೇ. ಅಂದಿನಿಂದ ಇಂದಿನವರೆಗೆ ಅವಳು ಮುದ್ದಿಗೆ ನನ್ನನ್ನು 'ತಮ್ಮ' ಎಂದೇ ಕರೆಯುತ್ತಾಳೆ. ಬೆಳಿಗ್ಗೆ ಅವಳ ಒಲೆಯ ಮುಂದೆ ಕುಳಿತು, ಹಂಚಿನಿಂದ ಇಳಿದ ಜೋಳದ ರೊಟ್ಟಿಯನ್ನು ಬಿಸಿಬಿಸಿಯಾಗಿ ತಿಂದು ಶಾಲೆಗೆ ಓಡುತ್ತಿದ್ದೆ. ಈಗ ಅವಳಿಗೆ ಎಪ್ಪತ್ತು ದಾಟಿದೆ. ಮಗ, ಅಂದರೆ ನನಗೆ ಅಣ್ಣ, ಖಾನಾಪುರದಲ್ಲಿ ಕೆಲಸಕ್ಕೆ ಹೋಗುತ್ತಾನೆ, ಹೊಲವನ್ನೂ ನೋಡುತ್ತಾನೆ. ಉಳಿದ ಅಡುಗೆಯನ್ನು ಅಣ್ಣನ ಹೆಂಡತಿ, ನನ್ನ ವೈನಿ, ಗ್ಯಾಸಿನ ಮೇಲೆ ಮಾಡುತ್ತಾರೆ. ಅಣ್ಣ, ವೈನಿ, ಮೊಮ್ಮಕ್ಕಳು ಎಲ್ಲರಿಗೂ ರೊಟ್ಟಿ ಮಾತ್ರ ದೊಡ್ಡವ್ವನ ಕೈಯದೇ ಆಗಬೇಕು.

ಮೂರು ವರ್ಷದ ಹಿಂದೆ ಅವಳಿಗೆ ದಮ್ಮು ಶುರುವಾಯಿತು. ಬೆಳಗಾವಿಗೆ ಕರೆತಂದು ಡಾಕ್ಟರಿಗೆ ತೋರಿಸಿದೆ. "ಬೀಡಿ ಸೇದತಾರೇನ್ರಿ?" ಎಂದು ಅವರು ಕೇಳಿದರು. ದಿನಾ ಮೈತೊಳೆದು ವಿಭೂತಿ ಹಚ್ಚಿ ಲಿಂಗಪೂಜೆ ಮಾಡದೆ ನೀರು ಸಹ ಮುಟ್ಟದ ಹೆಂಗಸಿಗೆ ಬೀಡಿಯ ಪ್ರಶ್ನೆ! ನನಗೆ ಉರಿದುಹೋಯಿತು. ಡಾಕ್ಟರು ನಗಲಿಲ್ಲ. "ಐವತ್ತು ವರ್ಷ ಕಟ್ಟಿಗಿ ಒಲಿ ಮುಂದ ಕುಂತ್ರ ಅದೂ ಸೇದಿದಂಗರೀ. ಇನ್ನ ಹೊಗಿ ಬಂದ್. ಇಲ್ಲಾಂದ್ರ ಈ ಉಸರು ಭಾಳ ದಿನ ಬರೂದಿಲ್ಲ" ಎಂದರು.

ಅದೇ ಸಂಜೆ ಪಾರಿಶ್ವಾಡದಲ್ಲಿ ಅಣ್ಣ, "ಅವ್ವನ ರೊಟ್ಟೀಗೂ ಗ್ಯಾಸ್ ಹಚ್ಚಿಬಿಡೂಣು, ಇಲ್ಲಾ ಕರೆಂಟಿನ ಒಲಿ ತರತೇನಿ" ಎಂದ. ಮಾತು ಅಲ್ಲಿಗೇ ಮುಗಿಯಬೇಕಿತ್ತು. ಆದರೆ ನಾನು ಮಾಸ್ತರ, ಬಾಯಿ ಸುಮ್ಮನಿರಲಿಲ್ಲ. ಸಿಲಿಂಡರಿನ ಗ್ಯಾಸು ನೆಲದಡಿಯ ಎಣ್ಣೆಯಿಂದ ಬಂದದ್ದು, ಇವತ್ತು ಐತಿ ನಾಳೆ ಇಲ್ಲ. ನಿಮ್ಮೂರಿನ ಕರೆಂಟು ಕಲ್ಲಿದ್ದಲು ಸುಟ್ಟು ಬಂದದ್ದು. ಇವನ್ನೆಲ್ಲ ಬಿಡುವ ಕಾಲದಲ್ಲಿ ಮತ್ತೆ ಇವಕ್ಕೇ ಗಂಟು ಬೀಳುತ್ತೀರಾ ಎಂದು ಅರ್ಧ ತಾಸು ಭಾಷಣ ಮಾಡಿದೆ. ಕಡೆಗೆ ದೊಡ್ಡವ್ವನ ಕೈ ಹಿಡಿದು, "ಒಂದು ವರ್ಷ ತಡಿ. ನಿನಗ ಹೊಗಿ ಇಲ್ಲದ ಬೆಂಕಿ ನಾನ ಮಾಡಿ ಕೊಡತೇನಿ" ಎಂದೆ. ಅವಳು ನನ್ನ ಕೆನ್ನೆ ಸವರಿ ಲಟಿಕೆ ಮುರಿದಳು. "ಕೂಸು ಹುಟ್ಟೂಕಿಂತ ಮೊದಲ ಕುಲಾವಿ ಹೊಲಿಸಿದ್ರಂತ" ಎಂದು ಅಣ್ಣ ಗೊಣಗಿ ಎದ್ದುಹೋದ.

ಒಂದು ವರ್ಷ ಎಂದದ್ದು ಎರಡಾಯಿತು. ವಡಗಾವಿಯಲ್ಲಿ ಮಗ್ಗದ ಬಿಡಿಭಾಗ ಮಾಡುವ ಒಬ್ಬರ ಕಾರ್ಖಾನೆಯಲ್ಲಿ ನೀರು ಒಡೆಯುವ ನನ್ನ ಡಬ್ಬಿಗಳು, ಅವುಗಳೊಳಗಿನ ತಟ್ಟೆಗಳು ತಯಾರಾಗುತ್ತಿದ್ದವು. ಒಂದು ಸಲ ತೂತು ದೊಡ್ಡದು, ಇನ್ನೊಂದು ಸಲ ಸಣ್ಣದು. ಎರಡೂ ಸರಿಯಾದ ದಿನ ಅವರಿಗೆ ಮಗ್ಗದವರ ಅವಸರದ ಕೆಲಸ. "ಸರ್, ಮಗ್ಗ ನಿಂತ್ರ ಅವರ ಹೊಟ್ಟಿ ನಿಲ್ಲತೈತಿ, ನಿಮ್ಮದು ನಿಂತ್ರ ಏನೂ ನಿಲ್ಲೂದಿಲ್ಲಲ್ರೀ" ಎನ್ನುತ್ತಿದ್ದರು. ಮನೆಗೆ ತಂದು ಜೋಡಿಸಿದರೆ ಎಲ್ಲೋ ಸೋರುವುದು. ಸಾಬೂನಿನ ನೊರೆ ಹಚ್ಚಿ ಸೋರಿಕೆ ಹುಡುಕುತ್ತ ಎಷ್ಟೋ ರವಿವಾರ ಕಳೆದೆ. ನಡುನಡುವೆ ಪಾರಿಶ್ವಾಡಕ್ಕೆ ಹೋದಾಗ ದೊಡ್ಡವ್ವ ಅದೇ ಕಟ್ಟಿಗೆಯ ಒಲೆಯ ಮುಂದೆ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಕುಳಿತಿರುತ್ತಿದ್ದಳು. "ರುಚಿ ರುಚಿ ಅಂತ ಜೀವಾ ಕಳಕೋತೀಯೇನು? ಮನ್ಯಾಗ ಗ್ಯಾಸ್ ಐತಲ್ಲ" ಎಂದು ಬೈಯುತ್ತಿದ್ದೆ. ಅವಳು ನಕ್ಕು, "ಆತು ಬಿಡೋ, ನಿಂದು ಎಲ್ಲೀತನ ಬಂತು?" ಎಂದು ಕೇಳುತ್ತಿದ್ದಳು. ಈ ಹಳೆಯ ಕಾಲದವರಿಗೆ ಕಟ್ಟಿಗೆ ಒಲೆಯ ಮೋಹ ಬಿಡುವುದಿಲ್ಲ ಎಂದು ಹಲ್ಲು ಕಡಿದುಕೊಂಡು ನಾನು ಬೆಳಗಾವಿಗೆ ಮರಳುತ್ತಿದ್ದೆ.

ಅಂತೂ ಹೋದ ವರ್ಷ ಬೇಸಿಗೆಯಲ್ಲಿ ಅದನ್ನು ಕೂರಿಸಿದೆ. ಮಾಳಿಗೆಯ ಮೇಲೆ ಸೌರ ಫಲಕ, ಅದರ ಕೆಳಗೆ ನೀರು ಒಡೆಯುವ ಡಬ್ಬಿ, ಡಬ್ಬಿಗೆ ನೀರು ಕೊಡುವ ಸಣ್ಣ ಟಾಕಿ. ಹಿತ್ತಲಲ್ಲಿ ನೀರಿನ ತೊಟ್ಟಿಯೊಳಗೆ ಬೋರಲು ಹಾಕಿದ ಒಂದು ಡ್ರಮ್ಮು. ಗ್ಯಾಸು ತುಂಬಿದ ಹಾಗೆ ಅದು ಮೇಲೇಳುತ್ತದೆ. ಅಲ್ಲಿಂದ ಅಡುಗೆಮನೆಗೆ ಕೊಳವೆ, ಬೆಂಕಿ ಹಿಂದಕ್ಕೆ ಹೋಗದಂತೆ ತಡೆ. ಬೆಳಿಗ್ಗೆಯಿಂದ ಬಿಸಿಲು ಕಾದು ಸಂಜೆ ಒಲೆ ಹಚ್ಚಿದೆ. ದೊಡ್ಡವ್ವ ಬಗ್ಗಿ ನೋಡಿದಳು. "ಎಲ್ಲಿ ಐತೋ ಬೆಂಕಿ?" ಎಂದಳು. ಹೈಡ್ರೋಜನ್ನಿನ ಉರಿ ಕಣ್ಣಿಗೆ ಹೆಚ್ಚುಕಡಿಮೆ ಕಾಣುವುದೇ ಇಲ್ಲ. ಅವಳು ಕೈ ಚಾಚುವಷ್ಟರಲ್ಲಿ ಹಿಡಿದು ಎಳೆದು, ಒಂದು ಚಿಟಿಕೆ ಉಪ್ಪು ಉದುರಿಸಿದೆ. ಉರಿ ಹಳದಿಯಾಗಿ ಎದ್ದಿತು. "ಯವ್ವಾ ಶಿವನ!" ಎಂದು ಹಿಂದೆ ಸರಿದು, ಆಮೇಲೆ ಅದಕ್ಕೆ ಕೈಮುಗಿದು ಹಂಚು ಇಟ್ಟಳು. ರೊಟ್ಟಿ ಉಬ್ಬಿತು. ಹೊಗೆಯಿಲ್ಲ, ಮಸಿಯಿಲ್ಲ, ಕೆಮ್ಮಿಲ್ಲ. ಆ ಕ್ಷಣ ನನ್ನ ಎದೆ ಎಷ್ಟು ಹಿಗ್ಗಿತೋ ನಾನೇ ಬಲ್ಲೆ. ಐದನೆಯ ರೊಟ್ಟಿಗೆ ಡ್ರಮ್ಮು ತಳ ಕಂಡು ಒಲೆ ಆರಿತು.

ಜೊತೆಗೆ ಬಂದಿದ್ದ ನನ್ನ ಹೆಂಡತಿ ನೇಕಾರರ ಮನೆಯ ಮಗಳು. ನೂಲಿನ ಒಂದು ಎಳೆ ಪೋಲಾದರೂ ಅವಳಿಗೆ ತಡೆಯುವುದಿಲ್ಲ. ಮರಳುವಾಗ ಕಾರಿನಲ್ಲಿ ಕೇಳಿದಳು: "ಅಲ್ರೀ, ಬಿಸಲಿನ ಕರೆಂಟ್ ತಗೊಂಡು ನೀರು ಒಡೀತೀರಿ, ಒಡದದ್ದನ್ನ ಮತ್ತ ಸುಡತೀರಿ. ನಡುವ ಅರ್ಧಕ್ಕರ್ಧ ಹೋಗಿಬಿಡತೈತಿ. ಆ ಕರೆಂಟ್ ಸೀದಾ ಒಲೀಗೆ ಕೊಟ್ರ ಹತ್ತು ರೊಟ್ಟಿ ಆಗೂದಿಲ್ಲೇನ್ರಿ?" 

"ನಿನಗೇನ್ ತಿಳೀತೈತಿ, ಸುಮ್ನ ಕುಂದರ" ಎಂದು ಸಿಡುಕಿದೆ. ಸಿಡುಕಿದ್ದೇಕೆಂದರೆ ಅವಳು ಹೇಳಿದ್ದು ಖರೇ ಇತ್ತು. ಹೈಡ್ರೋಜನ್ ಬೇಕಾದದ್ದು ಕಬ್ಬಿಣ ಮಾಡುವ ಕುಲುಮೆಗೆ, ಗೊಬ್ಬರದ ಕಾರ್ಖಾನೆಗೆ, ದೂರ ಓಡುವ ಭಾರದ ಲಾರಿಗೆ. ಕರೆಂಟು ಸೀದಾ ಹೋಗಿ ಮಾಡಲಾಗದ ಕೆಲಸಕ್ಕೆ ಅದು. ಐದು ರೊಟ್ಟಿಗೆ ಅದನ್ನು ಸುಡುವುದೆಂದರೆ ಮೂಗಿಗಿಂತ ಮೂಗುತಿ ಭಾರ. ಇದನ್ನು ನಾನೇ ಕ್ಲಾಸಿನಲ್ಲಿ ಪ್ರತಿ ವರ್ಷ ಹೇಳುತ್ತೇನೆ.

ಎಂಟು ದಿನದ ಮೇಲೆ ಅಣ್ಣ ಫೋನ್ ಮಾಡಿ, "ನಿನ್ನ ಡ್ರಮ್ ಏಳವಲ್ದು" ಎಂದ. ಹೋಗಿ ನೋಡಿದೆ. ಡಬ್ಬಿಯೊಳಗೆ ಗುಳ್ಳೆಯೇ ಇಲ್ಲ. ಟಾಕಿಯ ನೀರು ಮುಟ್ಟಿ ನೋಡಿದರೆ ತಣ್ಣಗೆ, ಈಗಷ್ಟೇ ತುಂಬಿದ ಹಾಗಿದೆ. ಟಾಕಿಯ ಮೈಮೇಲೆ ಮೂರು ಬೆರಳಿನ ವಿಭೂತಿ.

"ಇದರಾಗ ನೀರು ಯಾರು ಹಾಕಿದ್ರು?" ಎಂದು ಕೂಗಿದೆ.

"ನಾನ ಹಾಕೇನೋ" ಎಂದಳು ದೊಡ್ಡವ್ವ. "ನೀ ಹಾಕಿದ ನೀರು ಮರುದಿನಾನೂ ಹಂಗ ಇತ್ತು ಅದರಾಗ. ನಮ್ಮ ಮನ್ಯಾಗ ನಿನ್ನಿ ನೀರು ಒಲೀಗೆ ಏರಸೂದಿಲ್ಲ, ನಿನಗ ಗೊತ್ತಿಲ್ಲೇನು? ದಿನಾ ಚೆಲ್ಲಿ, ಟಾಕಿ ತಿಕ್ಕಿ, ಬಾವಿಯಿಂದ ಹೊಸಾ ನೀರು ತಂದು ತುಂಬೇನಿ."

ನನಗೆ ಗೊತ್ತಿತ್ತು. ಬೆಳಗಾಗುತ್ತಲೇ ಮನೆಯ ಕೊಡಗಳ ಹಿಂದಿನ ದಿನದ ನೀರನ್ನೆಲ್ಲ ಗಿಡಕ್ಕೆ ಚೆಲ್ಲಿ, ಕೊಡ ಬೆಳಗಿ, ಹೊಸ ನೀರು ತುಂಬಿದ ಮೇಲೆಯೇ ಆ ಮನೆಯಲ್ಲಿ ಪೂಜೆ, ಅಡುಗೆ. ಆದರೆ ಟಾಕಿಯಲ್ಲಿ ನಾನು ಹಾಕಿದ್ದು ಬ್ಯಾಟರಿಗೆ ಹಾಕುವ ಶುದ್ಧ ನೀರು. ಬಾವಿಯ ಗಡಸು ನೀರಿನ ಸುಣ್ಣವೆಲ್ಲ ಡಬ್ಬಿಯ ತೆಳು ಪೊರೆಗೆ ಕಚ್ಚಿ, ಎರಡು ವರ್ಷದ ದುಡಿಮೆ ಎಂಟು ದಿನದಲ್ಲಿ ಹಾಳಾಗಿತ್ತು. ನಾನು ತಲೆ ಚಚ್ಚಿಕೊಂಡೆ. "ಮುಟ್ಟಬ್ಯಾಡ ಅಂದಿದ್ನಿಲ್ಲ? ನಿಮಗೆಲ್ಲಾ ತಿಳಿವಳಿಕಿ ಕೊಡೂದಂದ್ರ ಕೋಣನ ಮುಂದ ಕಿನ್ನರಿ ಬಾರಿಸಿದಂಗ!" ಎಂದೆ. ನನಗೆ ರೊಟ್ಟಿ ಹಾಕಿ ಬೆಳೆಸಿದವಳಿಗೆ ಅಂದ ಮಾತು ಅದು. ಅವಳು ಒಳಗೆ ಹೋದಳು. ಆ ಮುದುಕಿ ಕೆಮ್ಮುತ್ತ ಕೆಮ್ಮುತ್ತ ದಿನಾ ಮಾಳಿಗೆಯ ಮೆಟ್ಟಿಲ ಮೇಲೆ ನೀರು ಹೊತ್ತಿದ್ದಳು ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ.

ಡಬ್ಬಿ ಕಿತ್ತುಕೊಂಡು ಬೆಳಗಾವಿಗೆ ಬಂದೆ. ಹೊಸ ಪೊರೆ ದೂರದಿಂದ ಬರಬೇಕು. ಇಂದು ಬಂತು, ನಾಳೆ ಬಂತು ಎನ್ನುವಷ್ಟರಲ್ಲಿ ಮೋಡ ಕವಿಯಿತು. ಬಿಸಿಲೇ ಇಲ್ಲದ ಮೇಲೆ ಡಬ್ಬಿಯಾದರೂ ಏನು ಮಾಡೀತು? ದೀಪಾವಳಿಗೆ ನೋಡೋಣ ಎಂದು ಬಿಟ್ಟೆ. ಶ್ರಾವಣದಲ್ಲಿ ಒಂದು ಬೆಳಿಗ್ಗೆ ಅಣ್ಣನ ಫೋನ್ ಬಂತು: ದೊಡ್ಡವ್ವನಿಗೆ ಉಸಿರೇ ಸಿಗುತ್ತಿಲ್ಲ, ಬೆಳಗಾವಿಯ ಆಸ್ಪತ್ರೆಗೆ ತರುತ್ತಿದ್ದೇವೆ.

ಮೂಗಿಗೆ ಆಕ್ಸಿಜನ್ ಕೊಳವೆ ಹಾಕಿಸಿಕೊಂಡು ಅವಳು ಮಲಗಿದ್ದಳು. ಹೊರಗೆ ಬೆಂಚಿನ ಮೇಲೆ ನನ್ನ ಸಿಟ್ಟೆಲ್ಲ ವೈನಿಯ ಮೇಲೆ ತಿರುಗಿತು. "ಹಸಿ ಕಟ್ಟಿಗಿ ಹೊಗಿಯಾಗ ಕುಂದರಾಕ ಯಾಕ ಬಿಟ್ರಿ ವೈನಿ? ಒಂದೀಟು ರುಚಿ ಕಡಿಮಿ ಆದ್ರ ಆಗವಲ್ದ್ಯಾಕ!"

ವೈನಿ ಎಂದೂ ನನಗೆ ಎದುರು ಮಾತಾಡಿದವರಲ್ಲ. ಅಂದು ಆಡಿದರು. "ರುಚಿ ಯಾರು ಕೇಳ್ಯಾರ್ರೀ? ದಿನಾ ಹೇಳತೇನಿ, ಅತ್ತಿ, ಗ್ಯಾಸ್ ಮ್ಯಾಲ ಮಾಡೂಣು ಅಂತ. 'ನನ್ನ ತಮ್ಮ ಬ್ಯಾಡ ಅಂದಾನ. ಅಂವ ಇಷ್ಟು ಕಲತಾಂವ, ನನ್ನ ಸಲುವಾಗಿ ರಾತ್ರಿ ಹಗಲಿ ದುಡ್ಯಾಕತ್ತಾನ. ನಾ ಗ್ಯಾಸ್ ಹಚ್ಚಿದೆ ಅಂದ್ರ ಅಂವನ ಮನಸ ಮುರೀತೈತಿ. ಅಂವ ತರೂತನ ಕಾಯತೇನಿ' ಅಂತಾರ. ಎರಡ ವರ್ಷದ ಮ್ಯಾಲಾತು ಕಾಯಾಕತ್ತು."

ನಾಚಿಕೆ ಎಂದರೆ ಏನೆಂದು ಆ ಹೊತ್ತು ನನಗೆ ಗೊತ್ತಾಯಿತು. ಹತ್ತು ವರ್ಷ ತಡೆಯಿರಿ ಎನ್ನುವ ಸೆಮಿನಾರಿನವರನ್ನು ಬೈಯುತ್ತಿದ್ದ ನಾನು, ಅವಳಿಗೆ ಒಂದು ವರ್ಷ ತಡೆ ಎಂದು ಹೇಳಿ ಎರಡು ವರ್ಷಕ್ಕೂ ಮಿಕ್ಕಿ ಹೊಗೆ ಕುಡಿಸಿದ್ದೆ. ಗ್ಯಾಸು ಬೇಡವೆಂದು ಭಾಷಣ ಮಾಡಿದ್ದನ್ನು ನಾನು ಮರೆತಿದ್ದೆ, ಅವಳು ಮರೆತಿರಲಿಲ್ಲ. ಮನೆಯಲ್ಲಿ ಸಿಲಿಂಡರು ತುಂಬಿ ಇತ್ತು.

ಒಂಬತ್ತನೆಯ ದಿನ ಅವಳನ್ನು ಮನೆಗೆ ಬಿಟ್ಟರು. ಡಾಕ್ಟರು ಈ ಸಲ ನನ್ನ ಮುಖ ನೋಡಿಯೇ ಹೇಳಿದರು, ಹೋದ ಉಸಿರು ಹೋಯಿತು, ಉಳಿದದ್ದನ್ನಾದರೂ ಉಳಿಸಿಕೊಳ್ಳಿ ಎಂದು. ನಾನೇ ಕಾರಿನಲ್ಲಿ ಪಾರಿಶ್ವಾಡಕ್ಕೆ ಕರೆದೊಯ್ದೆ. ಅಷ್ಟರಲ್ಲಿ ಅಣ್ಣ ಕಟ್ಟಿಗೆ ಒಲೆ ಒಡೆದು, ಮೂಲೆಯನ್ನು ಬಳಿದು, ಅವಳು ಕುಳಿತು ರೊಟ್ಟಿ ಬಡಿಯಲು ಬರುವಂತೆ ತಗ್ಗಿನಲ್ಲಿ ಗ್ಯಾಸಿನ ಒಲೆ ಇಡಿಸಿದ್ದ. ಬೇಡವೆಂದರೂ ಕೇಳದೆ, "ಒಂದ ರೊಟ್ಟಿ ಮಾಡತೇನಿ, ತಮ್ಮ ಹಸದಾನ" ಎಂದು ದೊಡ್ಡವ್ವ ಅದರ ಮುಂದೆ ಕುಳಿತಳು. ಹಂಚು ಇಟ್ಟಳು, ಹಿಟ್ಟು ನಾದಿದಳು. ಒಲೆ ಮಾತ್ರ ಹಚ್ಚಲಿಲ್ಲ. ಕೈಯಲ್ಲಿ ಲೈಟರ್ ಹಿಡಿದುಕೊಂಡು, ಉಸಿರು ಎಳೆದು ಎಳೆದು, ನನ್ನ ಕಡೆ ತಿರುಗಿ ಕೇಳಿದಳು:

"ತಮ್ಮಾ, ನಿಂದು ತಯಾರಾಗೂತನ ಇದನ್ನ ಹಚ್ಚಲೇನೋ? ನಿನಗ ಬ್ಯಾಸರ ಇಲ್ಲಲ್ಲ?"

ಅವಳ ಕೈಯಿಂದ ಲೈಟರ್ ತೆಗೆದುಕೊಂಡು ನಾನೇ ಒಲೆ ಹಚ್ಚಿದೆ.