ಟ್ಯಾಂಕಿಗೆ ಮೊದಲು ಇಳಿಯುವವರು

ಬಸ್ ವ್ಯವಸ್ಥೆ ಮೊದಲಿಗಿಂತ ಸುಧಾರಿಸಿದೆಯೇ ಎಂದು ನನ್ನ ಚಿಕ್ಕಮ್ಮನನ್ನು ಕೇಳಿದರೆ, "ಸೀಟು ಸುಧಾರಿಸಿದೆ, ಕೂತವರು ಹಾಗೇ ಇದಾರೆ" ಎನ್ನುತ್ತಾಳೆ. ಈ ಉತ್ತರವನ್ನು ನಮ್ಮ ಕಚೇರಿಯ ನಮೂನೆಯಲ್ಲಿ ತುಂಬಲು ಆಗಲಿಲ್ಲ. ಅದರಲ್ಲಿ ಹೌದು, ಇಲ್ಲ, ಭಾಗಶಃ ಎಂಬ ಮೂರೇ ಚೌಕಗಳಿದ್ದವು. ನಾನು 'ಭಾಗಶಃ' ಎಂಬುದಕ್ಕೆ ಗುರುತು ಹಾಕಿದೆ. ನಾನು ಬಸ್ ಕಚೇರಿಯಲ್ಲಿ ಗುಮಾಸ್ತ. ಬಹುಪಾಲು ವಿಷಯಗಳಿಗೆ ಭಾಗಶಃ ಎಂದೇ ಬರೆದು ಇಲ್ಲಿಯವರೆಗೆ ಬಂದಿದ್ದೇನೆ. ಬಸ್ ಹತ್ತುವ ಅಭ್ಯಾಸವಿಲ್ಲ, ಸ್ಕೂಟರ್ ಇದೆ.

ಚಿಕ್ಕಮ್ಮ ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಕಾಜಾ ಹಾಕಿದವಳು. ಅಂದರೆ ಅಂಗಿಯಲ್ಲಿ ಗುಂಡಿ ತೂರುವ ತೂತಿನ ಸುತ್ತ ದಾರ ಕೂರಿಸುವ ಕೆಲಸ. ಪೊಲೀಸರು, ದಾದಿಯರು, ಲಿಫ್ಟ್ ನಡೆಸುವವರು, ನಮ್ಮ ಕಂಡಕ್ಟರುಗಳು ಎಲ್ಲರೂ ಅವಳ ಕಾಜಾದಲ್ಲೇ ಗುಂಡಿ ಹಾಕಿಕೊಂಡಿದ್ದಾರೆ. ಎದುರಿಗೆ ಬಂದವನ ಮುಖ ನೋಡುವ ಮೊದಲು ಎದೆ ನೋಡುತ್ತಾಳೆ. ಕಾಜಾ ಬಿಟ್ಟುಕೊಂಡಿದ್ದರೆ ಅಂಥವನ ಮಾತು ಅವಳ ಕಿವಿಗೆ ಬೀಳುವುದಿಲ್ಲ. ಮದುವೆಯಾಗಲಿಲ್ಲ. ಯಾಕೆ ಎಂದು ಕೇಳುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ, ಇವತ್ತಿಗೂ ಇಲ್ಲ.

ಕಾರ್ಖಾನೆ ಇರುವುದು ನೀರಿನ ಟ್ಯಾಂಕಿನ ಆಚೆಗೆ. ಅಲ್ಲಿಗೆ ಹೋಗುವ ನೇರ ಬಸ್ಸು ಒಂದೇ, ಒಂಬತ್ತನೇ ನಂಬರ್. ನಿವೃತ್ತಿಯಾದ ಮೇಲೂ ಚಿಕ್ಕಮ್ಮ ಅದೇ ಬಸ್ಸನ್ನು ದಿನಾ ಹತ್ತುತ್ತಾಳೆ. ಕಾರ್ಖಾನೆಯ ಪಕ್ಕದ ರಸ್ತೆಯಲ್ಲಿ ಒಂದು ಶುಶ್ರೂಷಾಲಯವಿದೆ. ಅದರ ಎರಡನೇ ಮಹಡಿಯ ಕಿಟಕಿ ಪಕ್ಕದ ಮಂಚದಲ್ಲಿ ಅವಳ ಅಕ್ಕ ಮೂರು ವರ್ಷದಿಂದ ಮಲಗಿದ್ದಾಳೆ. ಲಕ್ವ ಹೊಡೆದು ಬಲಗೈ ಹೋಗಿದೆ, ಮಾತು ಹೋಗಿದೆ. ಅಲ್ಲಿನ ದಾದಿಯರು ಊಟ ಮಾಡಿಸಲು ಹೋದರೆ ಹಲ್ಲು ಕಚ್ಚಿಕೊಂಡುಬಿಡುತ್ತಾಳೆ. ಚಿಕ್ಕಮ್ಮ ಹೋದರೆ ಮಾತ್ರ ತಿನ್ನುತ್ತಾಳೆ. ಹೊರಗಿನವರಿಗೆ ಪ್ರವೇಶ ಹನ್ನೆರಡರಿಂದ ಒಂದರವರೆಗೆ. ಒಂಬತ್ತು ಸಿಕ್ಕರೆ ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ ಬಾಗಿಲಲ್ಲಿ ಇರಬಹುದು. ಒಂಬತ್ತು ಇಲ್ಲದಿದ್ದರೆ ಬೇರೆ ಬಸ್ಸು ಹೊರಡುವುದೇ ಹನ್ನೆರಡಕ್ಕೆ, ಎರಡು ಬಸ್ ಬದಲಾಯಿಸಿ ಹೋಗುವಷ್ಟರಲ್ಲಿ ಒಂದೂವರೆ, ಬಾಗಿಲು ಹಾಕಿರುತ್ತದೆ.

ಆ ಅಕ್ಕ ನನ್ನ ತಾಯಿ.

ಭಾನುವಾರ ಮಾತ್ರ ಸಂಜೆಯೂ ಒಳಗೆ ಬಿಡುತ್ತಾರೆ. ನಾನು ತಿಂಗಳಿಗೊಂದು ಭಾನುವಾರ ಸಂಜೆ ಹೋಗುತ್ತಿದ್ದೆ. ಕಾಲು ಗಂಟೆ ಕೂತು, ಹೊದಿಕೆ ಸರಿಮಾಡಿ, ಫ್ಯಾನ್ ಸರಿಯಾಗಿ ತಿರುಗುತ್ತಿದೆಯೇ ನೋಡಿ ಬರುತ್ತಿದ್ದೆ. ಕಚೇರಿ ಕೆಲಸ ಜಾಸ್ತಿ ಎಂದು ಎಲ್ಲರಿಗೂ ಹೇಳಿದ್ದೆ. ಎಲ್ಲರೂ ನಂಬಿದ್ದರು. ನಂಬದವಳು ಚಿಕ್ಕಮ್ಮ ಒಬ್ಬಳೇ.

ಒಂಬತ್ತರ ಪ್ರಯಾಣಿಕರಿಗೆ ಒಂದು ಹಳೆಯ ಪದ್ಧತಿಯಿತ್ತು. ಚಿಕ್ಕಮ್ಮ ಕೆಲಸಕ್ಕೆ ಸೇರಿದ ಕಾಲದಲ್ಲಿ ಬಸ್ಸಿನಲ್ಲಿ ಹನ್ನೆರಡು ಜನ ಮಾತ್ರ ನಿಲ್ಲಬಹುದಿತ್ತು. ಹೆಚ್ಚಿದ್ದರೆ ಕಂಡಕ್ಟರ್‌ಗೆ ಮೆಮೊ. ತಪಾಸಣೆಯ ಜೀಪು ಯಾವಾಗಲೂ ನೀರಿನ ಟ್ಯಾಂಕಿನ ನೆರಳಲ್ಲೇ ನಿಲ್ಲುತ್ತಿತ್ತು, ಏಕೆಂದರೆ ಬೇರೆಲ್ಲೂ ನೆರಳಿರಲಿಲ್ಲ. ಎದುರಿನಿಂದ ಬರುವ ಬಸ್ಸಿನ ಡ್ರೈವರ್ ಎರಡು ಸಲ ದೀಪ ಮಿನುಗಿಸಿದರೆ ಜೀಪು ಇದೆ ಎಂದರ್ಥ. ಆಗ ನಿಂತವರೆಲ್ಲ ಟ್ಯಾಂಕಿಗೆ ಮೊದಲಿನ ಟೈರ್ ಅಂಗಡಿಯ ಹತ್ತಿರ ಇಳಿದು, ಹಿಂದಿನ ಗಲ್ಲಿಯಲ್ಲಿ ನಡೆದು, ಟ್ಯಾಂಕ್ ದಾಟಿದ ಮೇಲೆ ಬ್ಯಾಂಕಿನ ಮುಂದೆ ಅದೇ ಬಸ್ಸನ್ನು ಮತ್ತೆ ಹತ್ತುತ್ತಿದ್ದರು. ಹನ್ನೆರಡು ಜನ ಉಳಿಯಬಹುದಿತ್ತು ನಿಜ. ಆದರೆ ಯಾವ ಹನ್ನೆರಡು ಎಂದು ತೀರ್ಮಾನಿಸಲು ಒಂದು ಸಲ ಪ್ರಯತ್ನಿಸಿ ಜಡೆ ಜಡೆ ಹಿಡಿದುಕೊಳ್ಳುವ ಮಟ್ಟಕ್ಕೆ ಹೋದದ್ದರಿಂದ, ಅಲ್ಲಿಂದಾಚೆಗೆ ಎಲ್ಲರೂ ಇಳಿಯುತ್ತಿದ್ದರು. ಬಾಗಿಲ ಬಳಿ ನಿಲ್ಲುವವಳು ಚಿಕ್ಕಮ್ಮನಾದ್ದರಿಂದ ಮೊದಲು ಇಳಿಯುವವಳೂ ಅವಳೇ, ಉಳಿದವರನ್ನು ಇಳಿಸುವವಳೂ ಅವಳೇ. ಆಗಿನ ಕಂಡಕ್ಟರ್‌ಗೆ ಪೀಪಿ ಎಂಬ ಅಡ್ಡಹೆಸರು. ಎಲ್ಲರೂ ಮತ್ತೆ ಹತ್ತುವವರೆಗೂ ಅವನು ಬ್ಯಾಂಕಿನ ಮುಂದೆ ಪೀಪಿ ಊದದೆ ಕಾಯುತ್ತಿದ್ದನಂತೆ. ಇದನ್ನು ಹೇಳುವಾಗ ಚಿಕ್ಕಮ್ಮನ ದನಿ ಸ್ವಲ್ಪ ಮೆದುವಾಗುತ್ತದೆ. ನಾನು ಮುಂದೆ ಕೇಳಿಲ್ಲ.

ಕಳೆದ ವರ್ಷ ನಮ್ಮ ಕಚೇರಿಗೆ ಸುಧಾರಣೆಯ ಹುಮ್ಮಸ್ಸು ಬಂತು. ಹಳೆಯ ಬಸ್ಸುಗಳು ಹೋಗಿ ಅರ್ಧ ಉದ್ದದ ಹೊಸ ಬಸ್ಸುಗಳು ಬಂದವು. ಮುಂದಿನ ನಿಲ್ದಾಣದ ಹೆಸರನ್ನು ಅವೇ ಹೇಳುತ್ತವೆ, ಒಂದೊಂದು ಸಲ ಹಿಂದಿನದನ್ನೂ ಹೇಳುತ್ತವೆ. ಜನವಿಲ್ಲದ ಮಾರ್ಗಗಳನ್ನು ಕೈಬಿಡಬೇಕು ಎಂದು ಆದೇಶವಾಯಿತು. ಒಂಬತ್ತರ ಮಧ್ಯಾಹ್ನದ ಬಸ್ಸನ್ನು ಮೂರು ದಿನ ದಾರಿಯಲ್ಲಿ ನಿಲ್ಲಿಸಿ ತಲೆ ಎಣಿಸುವುದು, ಮೂವತ್ತಕ್ಕಿಂತ ಕಡಿಮೆಯಿದ್ದರೆ ಮಾರ್ಗ ರದ್ದು. ಆದೇಶವನ್ನು ಟೈಪ್ ಮಾಡಿದವನು ನಾನೇ. ಮೇಲೆ 'ಗೋಪ್ಯ' ಎಂದಿತ್ತು. ಆ ರಾತ್ರಿ ಊಟಕ್ಕೆ ಬಂದಿದ್ದ ಚಿಕ್ಕಮ್ಮನಿಗೆ ನಾನು ಏನೂ ಹೇಳಲಿಲ್ಲ. ನಿಯಮಕ್ಕೆ ನಿಷ್ಠನಾಗಿದ್ದೇನೆ ಎಂದು ಒಳಗೊಳಗೇ ಬೀಗಿದ್ದೂ ಉಂಟು. ಹೇಗೂ ಆ ಬಸ್ಸು ಯಾವಾಗಲೂ ತುಂಬಿರುತ್ತದೆ ಎಂದುಕೊಂಡೆ.

ಎಣಿಸುವವರು ಜೀಪಿನಲ್ಲಿ ಹೋದರು. ಜೀಪನ್ನು ಎಲ್ಲಿ ನಿಲ್ಲಿಸಿದರು ಎಂದು ಬೇರೆ ಹೇಳಬೇಕಾಗಿಲ್ಲ.

ಆ ದಿನ ಒಂಬತ್ತರಲ್ಲಿ ನಲವತ್ತೊಂದು ಜನರಿದ್ದರು. ಜೀಪು ಕಂಡದ್ದೇ ತಡ, ಚಿಕ್ಕಮ್ಮ ಎದ್ದಳು. ಹೊಸ ಬಸ್ಸಿನಲ್ಲಿ ಎಷ್ಟು ಜನಕ್ಕೆ ಅನುಮತಿ ಎಂದು ಯಾರಿಗೂ ಗೊತ್ತಿರಲಿಲ್ಲವಾದ್ದರಿಂದ ನಿಂತವರ ಜೊತೆ ಕೂತವರೂ ಇಳಿದರು. ಕೆಲಸಕ್ಕೆ ಸೇರಿ ಎರಡು ತಿಂಗಳಾಗಿದ್ದ ಕಂಡಕ್ಟರ್ ಹುಡುಗಿ ಗಾಬರಿಯಾಗಿ, "ಯಾಕಮ್ಮಾ ಎಲ್ರೂ ಇಳೀತಿದೀರಾ? ಸ್ಟಾಪ್ ಇನ್ನೂ ಮುಂದಿದೆ" ಅಂದಳು.

"ನೀನು ಸುಮ್ನಿರು ಮಗಳೇ, ನಿನಗೇನೂ ಗೊತ್ತಿಲ್ಲ. ನಿನ್ನ ಕೆಲಸಕ್ಕೆ ಏನೂ ಆಗದ ಹಾಗೆ ನಾವು ನೋಡ್ಕೋತೀವಿ" ಎಂದಳು ಚಿಕ್ಕಮ್ಮ.

ಜೀಪಿನವರು ಎಣಿಸಿದಾಗ ಒಳಗೆ ನಾಲ್ವರಿದ್ದರು. ಮಂಡಿನೋವಿನವರು ಇಬ್ಬರು, ನಿದ್ದೆ ಹೋಗಿದ್ದವನೊಬ್ಬ, ಆ ಮಾರ್ಗಕ್ಕೆ ಹೊಸಬನೊಬ್ಬ. ಎರಡನೇ ದಿನವೂ ನಾಲ್ಕು. ಮೂರನೇ ದಿನ ಮೂರು, ಹೊಸಬ ಪದ್ಧತಿ ಕಲಿತಿದ್ದ.

ವರದಿಯನ್ನು ಟೈಪ್ ಮಾಡುವಾಗ ನನ್ನ ಕೈ ನಿಂತಿತು. ಸಂಜೆ ಸೀದಾ ಚಿಕ್ಕಮ್ಮನ ಮನೆಗೆ ಹೋದೆ. ಅವಳು ಅಡುಗೆಮನೆಯ ಸ್ಟೂಲ್ ಮೇಲೆ ಕೂತು ದಾರದ ಉಂಡೆ ಸುತ್ತುತ್ತಿದ್ದಳು.

"ಮೂರು ದಿನ ಜೀಪು ಬಂದಿತ್ತು ಕಣೋ. ಒಬ್ರೂ ಸಿಕ್ಕಿಬೀಳ್ಲಿಲ್ಲ" ಎಂದಳು, ಬಹುಮಾನ ಗೆದ್ದವಳ ಹಾಗೆ.

ವಿಷಯ ಹೇಳಿದೆ. ಉಂಡೆ ಸುತ್ತುವುದನ್ನು ನಿಲ್ಲಿಸಿದಳು.

"ನಿನಗೆ ಮೊದಲೇ ಗೊತ್ತಿತ್ತಾ?"

"ಗೋಪ್ಯ ಅಂತ ಬರೆದಿತ್ತು ಚಿಕ್ಕಮ್ಮಾ."

"ನಿಮ್ಮಮ್ಮ ಮಧ್ಯಾಹ್ನ ಉಪವಾಸ ಬೀಳ್ತಾಳೆ. ಅದೂ ಗೋಪ್ಯಾನಾ?"

ಬೈದಿದ್ದರೆ ಚೆನ್ನಾಗಿತ್ತು. ಅವಳು ಬೈಯಲಿಲ್ಲ. ನನಗೆ ನಾಚಿಕೆಯಾಯಿತು.

ಮರುದಿನ ಅವಳನ್ನು ನಮ್ಮ ಸಾಹೇಬರ ಕೋಣೆಗೆ ಕರೆದುಕೊಂಡು ಹೋದೆ. ಅವಳು ಮೊದಲು ಸಾಹೇಬರ ಅಂಗಿಯ ಕಾಜಾ ನೋಡಿದಳು, ಪರವಾಗಿಲ್ಲ ಅನ್ನಿಸಿತೇನೋ, ಕೂತಳು. ನಡೆದದ್ದನ್ನು ನಡೆದ ಹಾಗೆ ಹೇಳಿದಳು. ಸಾಹೇಬರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಅಮ್ಮಾ, ನಿಲ್ಲೋರ ಮಿತಿ ತೆಗೆದು ಹತ್ತೊಂಬತ್ತು ವರ್ಷ ಆಯ್ತು. ಈಗ ಜೀಪು ನೋಡೋದು ಟಿಕೆಟ್ ಇದೆಯಾ ಅಂತ ಮಾತ್ರ."

ಚಿಕ್ಕಮ್ಮ ಕೈಚೀಲವನ್ನು ತೊಡೆಯಿಂದ ಕೆಳಗಿಟ್ಟಳು. "ಹಾಗಾದ್ರೆ ಹತ್ತೊಂಬತ್ತು ವರ್ಷ ನಾವು ಯಾಕ್ರೀ ನಡೆದ್ವಿ?"

"ನಡೆಯೋದು ಆರೋಗ್ಯಕ್ಕೆ ಒಳ್ಳೇದಲ್ವಾ" ಎಂದರು ಸಾಹೇಬರು. ಅವರು ಕೆಟ್ಟವರಲ್ಲ. ಆದರೆ ಆ ಕ್ಷಣದಲ್ಲಿ ಅವರ ಮೇಜಿನ ಮೇಲಿದ್ದ ಪೇಪರ್‌ವೇಟ್ ಕಡೆ ಚಿಕ್ಕಮ್ಮ ನೋಡಿದ್ದನ್ನು ಕಂಡು ನಾನು ಅದನ್ನು ಸ್ವಲ್ಪ ಆಚೆ ಸರಿಸಿದೆ.

ಮತ್ತೊಮ್ಮೆ ಎಣಿಸಬೇಕೆಂದರೆ ಲಿಖಿತ ಹೇಳಿಕೆ ಬೇಕು, ಹಾಗೆ ಇಳಿಯಲು ಬಿಟ್ಟ ಕಂಡಕ್ಟರುಗಳು ಯಾರು ಎಂಬುದೂ ಅದರಲ್ಲಿರಬೇಕು ಎಂದರು. ಹೇಳಿಕೆಯನ್ನು ಚಿಕ್ಕಮ್ಮ ಬರೆದಳು. ಹೆಸರಿನ ಜಾಗ ಖಾಲಿ ಬಿಟ್ಟಳು.

"ಕಂಡಕ್ಟರ್‌ಗೆ ಗೊತ್ತಾಗ್ತಿರ್ಲಿಲ್ಲ" ಎಂದಳು.

"ಇಡೀ ಬಸ್ಸು ಇಳಿದು ಹೋದ್ರೂ?"

"ಅವರು ಟಿಕೆಟ್ ಕಡೆ ನೋಡ್ತಿದ್ರು."

"ಎಲ್ಲಾ ಕಂಡಕ್ಟರೂ?"

"ಎಲ್ಲಾ ಕಂಡಕ್ಟರೂ. ಹೆಸರು ಬರೆದ್ರೇ ಬಸ್ಸು ಅನ್ನೋದಾದ್ರೆ ಆ ಕಾಗದ ಇತ್ಲಾಗೆ ಕೊಟ್ಬಿಡಿ." ಕೈ ಚಾಚಿದಳು. ಅಕ್ಕನ ಊಟ ಒಂದು ಕಡೆ, ಪೀಪಿಯ ಪಿಂಚಣಿ ಇನ್ನೊಂದು ಕಡೆ. ಅವಳು ಎರಡನ್ನೂ ಬಿಡುವವಳಲ್ಲ ಎಂದು ಗೊತ್ತಿದ್ದ ನಾನು ಬಾಯಿಬಿಟ್ಟು, ಹೆಸರಿನ ಜಾಗದಲ್ಲಿ 'ಮಾಹಿತಿ ಲಭ್ಯವಿಲ್ಲ' ಎಂದು ಬರೆಯಬಹುದು, ಅದಕ್ಕೆ ಅವಕಾಶವಿದೆ ಎಂದೆ. ಕಚೇರಿಯಲ್ಲಿ ನಾನು ಕೇಳದೇ ಮಾತಾಡಿದ್ದು ಅದೇ ಮೊದಲು. ಸಾಹೇಬರು ಒಂದು ದಿನದ ಮರುಎಣಿಕೆಗೆ ಒಪ್ಪಿದರು, ಎಣಿಸುವ ಕೆಲಸವನ್ನು ನನಗೇ ಹಚ್ಚಿದರು.

ಅಷ್ಟರಲ್ಲಿ ಒಂಬತ್ತು ನಿಂತೇ ಹೋಯಿತು ಎಂಬ ಸುದ್ದಿ ಹಬ್ಬಿ, ಕೆಲವರು ಬೇರೆ ದಾರಿ ನೋಡಿಕೊಂಡಿದ್ದರು. ಚಿಕ್ಕಮ್ಮ ಎರಡು ದಿನ ಮನೆ ಮನೆ ತಿರುಗಿದಳು. "ಜೀಪು ಕಂಡ್ರೆ ಏಳ್ಬೇಡಿ" ಎಂದು ಪ್ರತಿಯೊಬ್ಬರಿಗೂ ಎರಡೆರಡು ಸಲ ಹೇಳಿದಳು. ಮೂವತ್ತು ವರ್ಷದ ರೂಢಿ, ಹೇಳಿದರೆ ಹೋಗುತ್ತದೆಯೇ?

ನಾನು ಟ್ಯಾಂಕಿನ ಕೆಳಗೆ, ಜೀಪಿನ ಪಕ್ಕ, ಪೆನ್ಸಿಲ್ ಹಿಡಿದು ನಿಂತಿದ್ದೆ. ಒಂಬತ್ತು ಬಂತು. ಟೈರ್ ಅಂಗಡಿಯ ಮುಂದೆ ನಿಂತಾಗ ಒಳಗೆ ನಾಲ್ಕೈದು ತಲೆಗಳು ತಾವಾಗಿಯೇ ಮೇಲೆದ್ದವು. ಬಾಗಿಲಲ್ಲಿ ಚಿಕ್ಕಮ್ಮ ಎರಡೂ ಕಂಬಿ ಹಿಡಿದು ಅಡ್ಡ ನಿಂತಿದ್ದಳು. "ಕೂತ್ಕೊಳ್ರೀ! ಇಳಿದ್ರೆ ಕಾಲು ಮುರಿತೀನಿ!" ಎಂಬ ಕೂಗು ನನಗೆ ಅಲ್ಲಿಗೇ ಕೇಳಿಸಿತು. ತಲೆಗಳು ಕೂತವು.

ಬಸ್ಸು ನನ್ನ ಮುಂದೆ ನಿಂತಿತು. ಎಣಿಸಿದೆ. ಇಪ್ಪತ್ತೊಂಬತ್ತು. ಹಿಂದಿನಿಂದ ಮುಂದಕ್ಕೆ ಮತ್ತೆ ಎಣಿಸಿದೆ. ಇಪ್ಪತ್ತೊಂಬತ್ತೇ. ಚಿಕ್ಕಮ್ಮ ನನ್ನ ಮುಖ ನೋಡಿದಳು. ಸುಳ್ಳು ಬರೆ ಎನ್ನುವವಳಲ್ಲ, ಬರೆದರೆ ಕ್ಷಮಿಸುವವಳೂ ಅಲ್ಲ. ಅವಳ ಕೈಚೀಲದಲ್ಲಿ ಊಟದ ಡಬ್ಬಿ ಇತ್ತು.

ನಾನು ಬಸ್ ಹತ್ತಿದೆ. ಸಿಬ್ಬಂದಿ ಪಾಸ್ ತೋರಿಸಿದರೆ ಲೆಕ್ಕಕ್ಕೆ ಬರುವುದಿಲ್ಲ, ಆದ್ದರಿಂದ ಟಿಕೆಟ್ ಕೇಳಿದೆ. "ಎಲ್ಲಿಗೆ ಸಾರ್?" ಎಂದಳು ಕಂಡಕ್ಟರ್ ಹುಡುಗಿ. ಅಲ್ಲಿಯವರೆಗೆ ನಾನು ಅದನ್ನು ಯೋಚಿಸಿರಲಿಲ್ಲ. ಶುಶ್ರೂಷಾಲಯದ ಸ್ಟಾಪ್ ಎಂದೆ. ಮೂವತ್ತು ಎಂದು ಬರೆದುಕೊಂಡೆ. ಮರುದಿನ ಸಾಹೇಬರು ಅದಕ್ಕೆ ಸಹಿ ಹಾಕಿದರು, ಒಂಬತ್ತು ಉಳಿಯಿತು.

ಹನ್ನೆರಡಕ್ಕೆ ಎರಡನೇ ಮಹಡಿಯಲ್ಲಿದ್ದೆವು. ಅಮ್ಮ ನನ್ನನ್ನು ನೋಡಿ, ಗೋಡೆಯ ಕ್ಯಾಲೆಂಡರ್ ಕಡೆ ನೋಡಿದಳು. ಆ ದಿನ ಭಾನುವಾರವಾಗಿರಲಿಲ್ಲ. ಚಿಕ್ಕಮ್ಮ ಡಬ್ಬಿ ತೆರೆದು ಮೆತ್ತಗೆ ಹಿಸುಕಿದ ಅನ್ನವಿದ್ದ ಬಟ್ಟಲನ್ನೂ ಚಮಚವನ್ನೂ ನನ್ನ ಕೈಗೆ ಕೊಟ್ಟಳು.

ಚಮಚ ತುಟಿಯ ಹತ್ತಿರ ಹಿಡಿದೆ. ಅಮ್ಮ ಹಲ್ಲು ಕಚ್ಚಿಕೊಂಡಳು.

"ರೈಟ್ ಅನ್ಬೇಕು" ಎಂದಳು ಚಿಕ್ಕಮ್ಮ.

"ಏನು?"

"ಕಂಡಕ್ಟರ್ ಅಂತಾನಲ್ಲ, ಹಾಗೆ. ಅಂದ್ರೇನೇ ಬಾಯಿ ತೆಗೆಯೋದು. ದಾದಿಯರು ಅಂದ್ರೆ ತೆಗೆಯಲ್ಲ, ಮನೆಯವರೇ ಅನ್ಬೇಕು. ಮೂರು ವರ್ಷದಿಂದ ಹೀಗೇ."

ಸುತ್ತ ಆರು ಮಂಚಗಳಿದ್ದವು, ಒಬ್ಬ ದಾದಿ ಇದ್ದಳು. ನಾನು ಮೆಲ್ಲಗೆ "ರೈಟ್" ಎಂದೆ. ಏನೂ ಆಗಲಿಲ್ಲ.

"ಜೋರಾಗಿ ಹೇಳೋ. ಡ್ರೈವರ್‌ಗೆ ಕೇಳಿಸ್ಬೇಡ್ವಾ?"

"ರೈಟ್!" ಎಂದು ಕೂಗಿದೆ. ಆರೂ ಮಂಚದವರು ತಿರುಗಿ ನೋಡಿದರು. ಅಮ್ಮ ಬಾಯಿ ತೆರೆದಳು.

ಒಂದು ಗಂಟೆಯವರೆಗೆ ಕೂಗಿದೆ. ಅರ್ಧದಷ್ಟು ಅನ್ನ ಹೊದಿಕೆಯ ಮೇಲೆ ಚೆಲ್ಲಿದೆ. ಹೊರಡುವ ಹೊತ್ತಾಯಿತು ಎಂದು ದಾದಿ ಹೇಳಿದಾಗ ನೋಡುತ್ತೇನೆ, ಅಮ್ಮನ ಎಡಗೈ ನನ್ನ ಅಂಗಿಯ ತೋಳನ್ನು ಹಿಡಿದಿತ್ತು. ಬಿಡಿಸಿಕೊಳ್ಳಲು ನನ್ನಿಂದ ಆಗಲಿಲ್ಲ. ನಾಳೆ ಒಂಬತ್ತು ನಮ್ಮ ಸ್ಟಾಪಿಗೆ ಎಷ್ಟು ಹೊತ್ತಿಗೆ ಬರುತ್ತದೆ ಎಂದು ಚಿಕ್ಕಮ್ಮನನ್ನು ಕೇಳಿದೆ.