ಬಾವಿಯ ಮೇಲೊಂದು ಆರೋಪ

ತಪ್ಪು ಮಾತು ಕಿವಿಗೆ ಬಿದ್ದರೆ ಸುಮ್ಮನಿರುವ ಜಾಯಮಾನ ನನ್ನದಲ್ಲ. ಮಳವಳ್ಳಿಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಹೇಳಿಕೊಡುತ್ತಲೇ ತಲೆ ನರೆಯಿತು, ಈ ಚಟ ಮಾತ್ರ ಹೋಗಲಿಲ್ಲ. ಬಸ್ಸಿನಲ್ಲಿ ಹಿಂದಿನ ಸೀಟಿನವರು “ಶುಗರ್ ಇರೋರು ಸಕ್ಕರೆ ಮುಟ್ಟಬಾರ್ದು, ಬೆಲ್ಲ ಎಷ್ಟು ತಿಂದ್ರೂ ಏನೂ ಆಗಲ್ಲ” ಅಂದರೆ ಸಾಕು, ತಿರುಗಿ ಕೂತು ಪಾಠ ಶುರುಮಾಡಿಬಿಡುತ್ತೇನೆ. ಆಲೆಮನೆಗಳ ಸೀಮೆಯಲ್ಲಿ ಬೆಲ್ಲಕ್ಕೆ ಕೆಟ್ಟ ಹೆಸರು ತರುವ ಹೆಂಗಸನ್ನು ಯಾರು ಸಹಿಸುತ್ತಾರೆ? ಒಬ್ಬ ಕಂಡಕ್ಟರ್ ಅಂತೂ “ಮೇಡಂ, ನಿಮ್ಮ ಸ್ಟಾಪು ಬಂತು” ಅಂತ ಒಂದು ಊರು ಮೊದಲೇ ನನ್ನನ್ನು ಇಳಿಸಲು ನೋಡಿದ್ದ.

ವರ್ಷಕ್ಕೊಮ್ಮೆ ಮಕ್ಕಳನ್ನು ಶಿವನಸಮುದ್ರಕ್ಕೆ ಕರೆದುಕೊಂಡು ಹೋಗುತ್ತೇನೆ. ಹಳೆಯ ವಿದ್ಯುತ್ ಕೇಂದ್ರದ ಕಡೆ ಕೈ ತೋರಿಸಿ ನಮ್ಮ ತಾತನ ಮಾತು ಹೇಳುತ್ತೇನೆ. ಕರೆಂಟು ತೆಗೆದ ನೀರಲ್ಲಿ ಸತ್ವ ಇರುವುದಿಲ್ಲ, ಅದನ್ನು ಗದ್ದೆಗೆ ಬಿಟ್ಟರೆ ಪೈರು ಏಳುವುದಿಲ್ಲ ಅಂತ ಅವರು ಸಾಯುವತನಕ ನಂಬಿದ್ದರು. ಮಕ್ಕಳು ಹೊಟ್ಟೆ ಹಿಡಿದು ನಗುತ್ತಾರೆ. ಮೊದಲೆಲ್ಲ ನಾನೂ ನಗುತ್ತಿದ್ದೆ. ನೀರಿನ ಬಗ್ಗೆ ನಂಬಿದ ಒಂದು ಸುಳ್ಳು ಮನುಷ್ಯರನ್ನು ಒಳಗೊಳಗೇ ತಿಂದುಹಾಕಬಹುದು ಅಂತ ಆಮೇಲೆ ನಮ್ಮ ಮನೆಯಲ್ಲೇ ನೋಡಿದೆ.

ನನ್ನ ತವರು ಮದ್ದೂರು ತಾಲ್ಲೂಕಿನಲ್ಲಿ, ಬೆಸಗರಹಳ್ಳಿಯಿಂದ ಸ್ವಲ್ಪ ಮುಂದೆ. ತಮ್ಮ, ಅವನ ಹೆಂಡತಿ, ಇಬ್ಬರು ಮಕ್ಕಳು, ನಮ್ಮವ್ವ ಅಲ್ಲಿದ್ದಾರೆ. ಮನೆಯ ಹಿತ್ತಲಿನಲ್ಲಿ ಒಂದು ಸೀನೀರ ಬಾವಿ ಇದೆ. ಊರಿನ ಬೋರ್‌ವೆಲ್ಲುಗಳ ನೀರೆಲ್ಲ ಉಪ್ಪು; ಬೇಳೆ ಹಾಕಿದರೆ ಕಲ್ಲಿನ ಹಾಗೆ ಕೂತಿರುತ್ತದೆ. ನಮ್ಮ ಬಾವಿಯ ನೀರಿನಲ್ಲಿ ಹಾಕಿದರೆ ಎರಡು ಕುದಿಗೆ ಕರಗುತ್ತದೆ. ಮದುವೆ ಮನೆಯವರು ಸಾರಿಗೆ ಅಂತ ಬಿಂದಿಗೆ ಹೊತ್ತು ಬರುತ್ತಿದ್ದರು. ಅವ್ವನಿಗೆ ಇದಕ್ಕಿಂತ ದೊಡ್ಡ ಹೆಮ್ಮೆ ಬೇರೆ ಇರಲಿಲ್ಲ. ಮನೆಗೆ ಯಾರೇ ಬರಲಿ, ಮೊದಲು ಒಂದು ಚೊಂಬು ನೀರು, ಆಮೇಲೆ ಮಾತು. ಅವರು ಕುಡಿದು “ಏನ್ ನೀರವ್ವ ಇದು” ಅನ್ನುವ ತನಕ ಎದುರಿಗೆ ನಿಂತಿರುತ್ತಿದ್ದಳು. ಅವ್ವ ನಮ್ಮನ್ನು ಮುದ್ದು ಮಾಡಿದವಳಲ್ಲ, ಅಪ್ಪನ ಹತ್ತಿರ ಕೂತು ಹರಟಿದವಳೂ ಅಲ್ಲ. ಅವಳ ಪ್ರೀತಿ ಏನಿದ್ದರೂ ಆ ಚೊಂಬಿನಲ್ಲೇ ಇತ್ತು.

ಅಪ್ಪನಿಗೆ ಕಿಡ್ನಿ ಕೆಟ್ಟಿತು. ಬಿ.ಪಿ. ಇದ್ದದ್ದು ಗೊತ್ತೇ ಆಗಿರಲಿಲ್ಲ, ಗೊತ್ತಾಗುವಾಗ ಕಾಲು ಊದಿತ್ತು. ವಾರಕ್ಕೆರಡು ಸಲ ತಮ್ಮ ಮಂಡ್ಯಕ್ಕೆ ಡಯಾಲಿಸಿಸ್‌ಗೆ ಕರೆದುಕೊಂಡು ಹೋಗುತ್ತಿದ್ದ. ಆಸ್ಪತ್ರೆಯವರು ಪಥ್ಯ ಹೇಳಿದ್ದರು: ನೀರು ಅಳತೆ ಮಾಡಿ ಕೊಡಬೇಕು, ಬಾಳೆಹಣ್ಣು ಬೇಡ, ಎಳನೀರು ಅಂತೂ ಬೇಡವೇ ಬೇಡ. ಇದೆಲ್ಲದರ ಕಾರಣ ಮನೆಯವರನ್ನು ಕೂರಿಸಿಕೊಂಡು ವಿವರಿಸಿದವಳು ನಾನು. ಎಳನೀರಿನಲ್ಲಿ ಪೊಟ್ಯಾಶಿಯಂ ಅನ್ನುವ ಲವಣ ಜಾಸ್ತಿ. ಚೆನ್ನಾಗಿರುವವರ ಕಿಡ್ನಿ ಅದನ್ನು ಹೊರಗೆ ಹಾಕುತ್ತದೆ, ಕಿಡ್ನಿ ಕೆಟ್ಟವರಲ್ಲಿ ಅದು ರಕ್ತದಲ್ಲೇ ಉಳಿದು ಎದೆಬಡಿತವನ್ನೇ ನಿಲ್ಲಿಸಬಹುದು. ಅವ್ವ ಸೊಪ್ಪು ಸೋಸುತ್ತಾ ಕೇಳಿಸಿಕೊಂಡಿದ್ದಳು.

ಒಂದು ಬೆಳಗ್ಗೆ ಅಪ್ಪನಿಗೆ ಎದೆ ಹಿಡಿದಂತಾಯಿತು. ಮಂಡ್ಯ ಮುಟ್ಟಿಸಿದರು, ಮಧ್ಯಾಹ್ನದ ಹೊತ್ತಿಗೆ ಹೋಗಿಬಿಟ್ಟರು. ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, “ರಕ್ತದಲ್ಲಿ ಪೊಟ್ಯಾಶಿಯಂ ತುಂಬಾ ಏರಿತ್ತು. ಮನೇಲಿ ಏನಾದ್ರೂ ಕೊಟ್ಟಿದ್ರಾ?” ಅಂತ ಕೇಳಿದರು. “ನಮ್ಮ ಮನೇಲಿ ಯಾರೂ ಹಾಗೆ ಮಾಡಲ್ಲ ಡಾಕ್ಟ್ರೇ, ನಾನೇ ಎಲ್ಲರಿಗೂ ಹೇಳಿಕೊಟ್ಟಿದ್ದೇನೆ” ಅಂದೆ. ಅವರು ಮತ್ತೆ ಕೇಳಲಿಲ್ಲ.

ವರ್ಷದ ತಿಥಿ ಮುಗಿದ ಮೇಲೆ ನೀರಿನ ಫಿಲ್ಟರ್ ಮಾರುವವರು ಊರಿಗೆ ಬಂದರು. ಆ ದಿನ ನಾನಿರಲಿಲ್ಲ, ತಮ್ಮನ ಹೆಂಡತಿ ಹೇಳಿದ್ದು. ಇಸ್ತ್ರಿ ಮಾಡಿದ ಶರ್ಟಿನ ಇಬ್ಬರು, ಕೈಯಲ್ಲೊಂದು ಪೆಟ್ಟಿಗೆ. ಅವ್ವ ಎಂದಿನಂತೆ ಚೊಂಬು ಹಿಡಿದುಕೊಂಡು ಬಂದಿದ್ದಾಳೆ. ಅವರು ಕುಡಿಯಲಿಲ್ಲ. ಆ ನೀರನ್ನು ಒಂದು ಗಾಜಿನ ಲೋಟಕ್ಕೆ ಸುರಿದು, ಇನ್ನೊಂದು ಲೋಟಕ್ಕೆ ತಮ್ಮ ಬಾಟಲಿನ ನೀರು ಹಾಕಿ, ಎರಡಕ್ಕೂ ಕಡ್ಡಿಗಳಿರುವ ಯಂತ್ರ ಇಳಿಬಿಟ್ಟು ಸ್ವಿಚ್ ಹಾಕಿದರು. ಬಾಟಲಿನ ನೀರು ಹಾಗೇ ಇತ್ತು. ನಮ್ಮ ಬಾವಿಯ ನೀರು ನೋಡನೋಡುತ್ತಾ ಹಳದಿಯಾಗಿ, ಕಂದಾಗಿ, ಕೊನೆಗೆ ಮೇಲೆ ಕೊಳಕು ನೊರೆ ಕಟ್ಟಿತು. “ನೋಡಿ ಅಮ್ಮಾ, ನೀವು ದಿನಾ ಕುಡಿಯೋದು ಇದನ್ನೇ. ಇದರಿಂದಲೇ ಕಿಡ್ನಿ ಹೋಗೋದು” ಅಂದರಂತೆ.

ಗೋಡೆಯ ಮೇಲೆ ಹಾರ ಹಾಕಿದ ಅಪ್ಪನ ಫೋಟೋ ಇತ್ತು. ಅವರು ಮೊದಲೇ ಅದನ್ನು ನೋಡಿ, ಏನಾಗಿತ್ತು ಅಂತ ವಿಚಾರಿಸಿಕೊಂಡು ಈ ಮಾತು ಆಡಿದರೋ, ಸುಮ್ಮನೆ ಬಾಯಿಪಾಠ ಒಪ್ಪಿಸಿದರೋ, ಎಷ್ಟು ಕೆದಕಿದರೂ ನನಗೆ ಗೊತ್ತಾಗಲಿಲ್ಲ. ಗೊತ್ತಾಗಿದ್ದರೆ ನನ್ನ ಕೋಪಕ್ಕೆ ಒಂದು ಅಳತೆಯಾದರೂ ಸಿಗುತ್ತಿತ್ತು.

ತಮ್ಮ ಹೆದರಿಕೊಂಡು ಫಿಲ್ಟರ್ ಹಾಕಿಸಿದ. ಅವ್ವ ಅದಾದ ಮೇಲೆ ಯಾರಿಗೂ ನೀರು ಕೊಡುವುದನ್ನೇ ಬಿಟ್ಟಳು. ನೆಂಟರು ಬಂದರೆ ಅಡುಗೆಮನೆಯಿಂದ ಆಚೆ ಬರುತ್ತಿರಲಿಲ್ಲ. ಮೊಮ್ಮಗಳು “ಅಜ್ಜಿ, ನೀರು” ಅಂದರೆ “ನಿಮ್ಮವ್ವನ್ ಕೇಳು, ನನ್ ಕೈಲಿ ಬ್ಯಾಡ” ಅನ್ನುತ್ತಿದ್ದಳು. ಬಾವಿಯ ಮೇಲೆ ತಗಡು ಮುಚ್ಚಿಸಿದಳು. ತಾನೂ ಸರಿಯಾಗಿ ನೀರು ಕುಡಿಯದೆ ಬಾಯಿ ಒಣಗಿಸಿಕೊಂಡು ಓಡಾಡುತ್ತಿದ್ದಳು. ಒಂದು ಭಾನುವಾರ ನಾನು ಜಗಳಕ್ಕೇ ನಿಂತಾಗ ಬಾಯಿಬಿಟ್ಟಳು.

“ನಾನೇ ಸೇದಿ ಸೇದಿ ಕುಡ್ಸ್ದೆ ಕಣವ್ವ. ಗದ್ದೆಯಿಂದ ಬರೋದ್ನೇ ಕಾಯ್ಕಂಡಿದ್ದು ಕುಡ್ಸ್ದೆ. ಮದ್ವೆ ಆಗ್ ಬಂದಾಗ್ಲಿಂದ ಇಸ ಕುಡ್ಸಿವ್ನಿ ನಿಮ್ಮಪ್ಪಂಗೆ.”

ಎಷ್ಟಾದರೂ ನಾನು ಟೀಚರು. ಅಳುವ ಬದಲು ಪಾಠ ಮಾಡಿದೆ. ನೀರಿನಲ್ಲಿ ಲವಣಗಳಿದ್ದರೆ ಕರೆಂಟು ಹರಿಯುತ್ತದೆ, ಕರೆಂಟು ಹರಿದರೆ ಕಬ್ಬಿಣದ ಕಡ್ಡಿಯೇ ಸವೆದು ತುಕ್ಕಾಗಿ ನೀರಿಗೆ ಇಳಿಯುತ್ತದೆ, ಆ ಬಣ್ಣ ಕಡ್ಡಿಯದು, ಕೊಳೆಯದಲ್ಲ ಅಂದೆ. “ನನ್ ಸಮಾದಾನಕ್ಕೆ ಯೋಳ್ತಿದೀಯ, ಬುಡು” ಅಂದಳು. ಬಾವಿಯ ನೀರನ್ನು ಪರೀಕ್ಷೆಗೆ ಕಳಿಸಿದೆ, ಕುಡಿಯಲು ಯೋಗ್ಯ ಅಂತ ಬಂತು. “ಅವ್ರು ನೋಡಿರೋದು ಈಗಿನ್ ನೀರ್ನ. ನಿಮ್ಮಪ್ಪ ಕುಡ್ದಿದ್ದು ಆಗಿನ್ ನೀರ್ನ” ಅಂದಳು.

ಮುಂದಿನ ಸಲ ಹೋಗುವಾಗ ಶಾಲೆಯ ಲ್ಯಾಬಿನಿಂದ ಬ್ಯಾಟರಿ, ಎರಡು ತುಂಡು ವೈರು, ಹೊಸ ಕಬ್ಬಿಣದ ಮೊಳೆಗಳನ್ನು ಚೀಲಕ್ಕೆ ಹಾಕಿಕೊಂಡೆ. ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಅಂಗಡಿ ತೆರೆದೆ. ಅವ್ವ ಬರಲು ಒಪ್ಪಲಿಲ್ಲ, ಕೈ ಹಿಡಿದು ಎಳೆದುಕೊಂಡು ಬಂದೆ.

ಮೊದಲು ಬ್ಯಾಟರಿಯ ವೈರಿಗೆ ಕಟ್ಟಿದ ಎರಡು ಮೊಳೆಗಳನ್ನು ಫಿಲ್ಟರ್ ನೀರಿಗೆ ಇಳಿಬಿಟ್ಟೆ. ಏನೂ ಆಗಲಿಲ್ಲ. ಅದೇ ನೀರಿಗೆ ಅಡುಗೆಮನೆಯ ಉಪ್ಪು ಒಂದು ಚಿಟಿಕೆ ಹಾಕಿದೆ. ಸ್ವಲ್ಪ ಹೊತ್ತಿನಲ್ಲೇ ಮೊಳೆಯ ಸುತ್ತ ಗುಳ್ಳೆ ಎದ್ದು, ಹಸಿರುಮಿಶ್ರಿತ ಕಂದು ಮೋಡ ಇಳಿಯಿತು.

“ನೋಡವ್ವ, ಆ ಹುಡುಗರು ಮಾರಿದ ಶುದ್ಧ ನೀರೇ ಇದು.”

“ಉಪ್ಪಾಕಿದ್ಯಲ್ಲ. ಉಪ್ಪಾಕಿದ್ರೆ ಯಾವ್ದಾರ ಕೆಡ್ತದೆ.”

ಮೊಳೆಯನ್ನು ಎತ್ತಿ ಅವಳ ಅಂಗೈಗೆ ಇಟ್ಟೆ. ಹೊಳೆಯುತ್ತಿದ್ದದ್ದು ಕರ್ರಗಾಗಿ ಒರಟಾಗಿತ್ತು. ಅವ್ವ ಅದನ್ನು ಬೆರಳಿಂದ ಉಜ್ಜಿದಳು, ಉಗುರಿನಿಂದ ಕೆರೆದಳು, ಸೊಸೆಗೂ ತೋರಿಸಿದಳು. ಆಮೇಲೆ ನಾನು ಹೇಳದೆಯೇ ಎದ್ದು ಹೋದಳು. ಮದ್ದೂರಿನ ಎಳನೀರು ಮಾರುಕಟ್ಟೆಗೆ ಕಳಿಸಲು ತಮ್ಮ ಕೊಟ್ಟಿಗೆಯಲ್ಲಿ ರಾಶಿ ಹಾಕಿಸಿದ್ದ ಬುರುಡೆಗಳಲ್ಲಿ ಒಂದನ್ನು ಆರಿಸಿ, ಮಚ್ಚಿನಿಂದ ತಾನೇ ಕೊಚ್ಚಿ ತಂದಳು.

“ಇದ್ನ ಮನ್ಸ ಮುಟ್ಟಿಲ್ಲ. ದೇವ್ರೇ ಕಟ್ಟಿ ಕೊಟ್ಟಿರೋ ನೀರು. ಇದ್ಕಾಕು ನೋಡವ.”

ಲೋಟಕ್ಕೆ ಬಗ್ಗಿಸಿ, ಹೊಸ ಮೊಳೆಗಳನ್ನು ಇಳಿಬಿಟ್ಟೆ. ತಿಳಿಯಾಗಿದ್ದ ಎಳನೀರು ಉಪ್ಪು ಹಾಕಿದ ನೀರಿಗಿಂತ ಬೇಗ ಕೆಟ್ಟಿತು. ಮೊಳೆಯ ಬುಡದಿಂದ ಕಪ್ಪು ಎದ್ದು ಲೋಟವೆಲ್ಲ ಚರಂಡಿಯ ಬಣ್ಣಕ್ಕೆ ತಿರುಗಿತು. ಅವ್ವ ಕುಕ್ಕರುಗಾಲಿನಲ್ಲಿ ಕೂತು, ಲೋಟಕ್ಕೆ ಮೂಗು ತಾಗುವಷ್ಟು ಬಗ್ಗಿ ನೋಡಿದಳು.

“ಎಳ್ನೀರ್ನೂ ಬುಡ್ಲಿಲ್ವಲ್ಲ ಮುಂಡೇದು!” ಅಂದಳು. ಆಮೇಲೆ ನಕ್ಕಳು. ಅಪ್ಪ ಹೋದ ಮೇಲೆ ಅವಳು ನಕ್ಕದ್ದನ್ನು ನಾನು ನೋಡಿರಲಿಲ್ಲ. ನಗುತ್ತಾ ನಗುತ್ತಾ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು.

“ಅಂಗಾರೆ ನಮ್ ನೀರಲ್ಲಿ ಏನೂ ಇರ್ಲಿಲ್ಲ?”

“ಏನೂ ಇರ್ಲಿಲ್ಲ ಕಣವ್ವ. ಅಪ್ಪನ ಕಿಡ್ನಿ ಕೆಡಿಸಿದ್ದು ಬಿ.ಪಿ. ನಿನ್ನ ನೀರಲ್ಲ.”

ಗೆದ್ದೆ ಅನ್ನಿಸಿತು. ನಿಜ ಹೇಳಬೇಕೆಂದರೆ ಬೀಗಿದೆ. ವೈರು ಸುತ್ತಿ ಚೀಲಕ್ಕೆ ಹಾಕುತ್ತಿದ್ದಾಗ ತಮ್ಮನ ಹೆಂಡತಿ ಲೋಟ ತೊಳೆಯಲು ಒಳಗೆ ಹೋದಳು. ಅವ್ವ ಅವಳು ಹೋದದ್ದನ್ನು ನೋಡಿಕೊಂಡು ನನ್ನ ಹತ್ತಿರ ಸರಿದು ಕೂತಳು.

“ಒಂದ್ ಮಾತು ಯೋಳ್ತೀನಿ, ಬಯ್ಬ್ಯಾಡ. ಆಸ್ಪತ್ರೆಯೋರು ಬ್ಯಾಡ ಅಂದಿದ್ರು, ನೀನೂ ಬ್ಯಾಡ ಅಂದಿದ್ದೆ. ಆದ್ರೂ ಕೊನ್ಗೊನೆಗೆ ನಿಮ್ಮಪ್ಪಂಗೆ ಕದ್ದು ಎಳ್ನೀರು ಕೊಡ್ತಿದ್ದೆ ಕಣವ್ವ. ನೀವೆಲ್ಲ ಅಳ್ದು ಅಳ್ದು ನೀರ್ ಕೊಡೋರು. ಅವ್ರು ಬಾಯಾರ್ಕೆ ಬಾಯಾರ್ಕೆ ಅಂತ ನನ್ ಮಕ ನೋಡೋರು. ನಂಗ್ ನೋಡಕ್ಕಾಯ್ತಿರ್ಲಿಲ್ಲ. ಅವ್ರು ವೋಗೋ ಮುಂಚಿನ್ ರಾತ್ರಿನೂ ಎಲ್ರೂ ಮಲ್ಗಿದ್ ಮ್ಯಾಲೆ ಎರಡು ಕೊಟ್ಟೆ. ಕಣ್ಮುಚ್ಕಂಡು ಕುಡ್ದು, ಜೀವ ತಂಪಾಯ್ತು ಕಣೇ ಅಂದ್ರು.” ಆಮೇಲೆ ಕೇಳಿದಳು: “ಅದೊಂದಾರ ವಸಿ ಒಳ್ಳೇದ್ ಮಾಡ್ತು, ಅಲ್ವಾ?”

ಡಾಕ್ಟರ ಪ್ರಶ್ನೆಗೆ ನಾನು ಅಂದು ಅಷ್ಟು ಜೋರಾಗಿ ಹೇಳಿದ್ದ ಉತ್ತರ ನೆನಪಾಯಿತು. ಅಪ್ಪ ಹೋದದ್ದು ಆ ಎರಡು ಎಳನೀರಿನಿಂದಲೇ ಅಂತ ಖಡಾಖಂಡಿತವಾಗಿ ಹೇಳುವಷ್ಟು ವೈದ್ಯಶಾಸ್ತ್ರ ನಾನು ಓದಿಲ್ಲ. ಅಲ್ಲ ಅಂತ ಹೇಳುವ ಧೈರ್ಯವೂ ನನಗಿಲ್ಲ. ಅವ್ವ ಮಾತ್ರ ನನ್ನ ಮುಖವನ್ನೇ ನೋಡುತ್ತಿದ್ದಳು, ಬಂದವರು ನೀರು ಕುಡಿದು ಏನನ್ನುತ್ತಾರೋ ಅಂತ ಎದುರಿಗೆ ನಿಂತು ನೋಡುತ್ತಿದ್ದಳಲ್ಲ, ಹಾಗೆ. ಕಂಡವರನ್ನೆಲ್ಲ ತಿದ್ದುತ್ತಾ ಬಂದ ನನ್ನ ಬಾಯಿಗೆ ಆ ಕ್ಷಣದಲ್ಲಿ ನನ್ನ ಪಾಠ ಯಾವುದೂ ಬೇಡವಾಯಿತು. ಅವ್ವನ ಮೇಲೆ ಸಿಟ್ಟು ಬಂತು. ಅಪ್ಪನ ಮೇಲೆ ಬಂತು. ಬಾಯಾರಿದ ಗಂಡನ ಮುಖ ನೋಡಿಕೊಂಡು ನಾನಾದರೂ ಏನು ಮಾಡುತ್ತಿದ್ದೆ ಅನ್ನಿಸಿ ಸಂಕಟವಾಯಿತು.

“ಹೂಂ ಕಣವ್ವ” ಅಂದೆ. “ಒಳ್ಳೇದೇ ಮಾಡ್ತು. ಎಳನೀರು ತಂಪಲ್ವಾ.”

“ಅದೇ ನಾನೂ ಅಂದ್ಕಂಡಿದ್ದು” ಅಂದಳು ಅವ್ವ. ಎದ್ದು ಬಾವಿಯ ಮೇಲಿನ ತಗಡನ್ನು ತಾನೇ ಪಕ್ಕಕ್ಕೆ ಎಳೆದಳು. ಬಿಂದಿಗೆ ಇಳಿಬಿಟ್ಟು ಸೇದಿದಳು. ಚೊಂಬು ಬೆಳಗಿ, ತುಂಬಿಸಿ, ನನ್ನ ಕೈಗೆ ಕೊಟ್ಟು ಎದುರಿಗೆ ನಿಂತಳು. ಅಷ್ಟೂ ಕುಡಿದೆ. “ಏನ್ ನೀರವ್ವ ಇದು” ಅಂದೆ.

ಈಗ ಅವ್ವ ಮೊದಲಿನ ಹಾಗೆಯೇ ಎಲ್ಲರಿಗೂ ಚೊಂಬು ಕೊಡುತ್ತಾಳೆ. ಮೊಮ್ಮಕ್ಕಳೂ ಅವಳ ಕೈಯಿಂದಲೇ ಕುಡಿಯುತ್ತವೆ. ಫಿಲ್ಟರಿನ ಮೇಲೆ ತಮ್ಮನ ಹೆಂಡತಿ ಉಪ್ಪಿನಕಾಯಿ ಭರಣಿ ಇಟ್ಟಿದ್ದಾಳೆ. ನಾನು ಬಸ್ಸಿನಲ್ಲಿ ಬೆಲ್ಲದ ಮಾತು ಬಂದರೆ ಈಗಲೂ ತಿರುಗಿ ಕೂರುತ್ತೇನೆ. ಊರಿನಲ್ಲಾಗಲಿ ಸುತ್ತಮುತ್ತಲಾಗಲಿ ಯಾರ ಮನೆಯಲ್ಲಾದರೂ ಡಯಾಲಿಸಿಸ್ ಶುರುವಾಯಿತು ಅಂತ ಕೇಳಿದರೆ, ಕರೆಯದಿದ್ದರೂ ಹೋಗುತ್ತೇನೆ. ರೋಗಿಗೆ ಎಷ್ಟೇ ಬಾಯಾರಿದರೂ ಎಳನೀರು ಕೊಡಬೇಡಿ, ಯಾಕೆ ಕೊಡಬಾರದು ಅಂತ ಬಿಡಿಸಿ ಬಿಡಿಸಿ ಹೇಳುತ್ತೇನೆ. ಎದ್ದು ಹೊರಡುವಾಗ, ನಾನು ಹೀಗೆ ಹೇಳಿದ್ದು ನಮ್ಮವ್ವನ ಕಿವಿಗೆ ಬೀಳುವುದು ಬೇಡ ಅಂತಲೂ ಹೇಳಿ ಬರುತ್ತೇನೆ.