ಸ್ಟೀರಿಯೋ ಬಾಯಿಗೆ ಬಿದ್ದ ಅಕ್ಷತೆ

ಸಿ.ಡಿ. ಹೊರಬಂದದ್ದೇ ತಡ, ಅದರ ಬೆನ್ನಲ್ಲೇ ಅರಿಶಿನ ಹಚ್ಚಿದ ಅಕ್ಕಿಕಾಳುಗಳು ನನ್ನ ಮಡಿಲಿಗೆ ಉದುರಿದವು. ನಾದಿನಿಯ ಮದುವೆಗೆ ಸೀರೆ ತರಲು ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ಹೊರಟವರು, ದಾರಿಯಲ್ಲಿ ಬೇವಿನ ಮರದಡಿ ಕಾರು ನಿಲ್ಲಿಸಿದ್ದೆವು. ಸ್ಟೀರಿಯೋದಲ್ಲಿ ಸಿಕ್ಕಿಕೊಂಡಿದ್ದ ಆ ಸಿ.ಡಿ.ಯನ್ನು ನಮ್ಮೆಜಮಾನರು ಐಸ್‌ಕ್ರೀಂ ಕಡ್ಡಿಗೆ ಗಮ್ ಟೇಪ್ ಸುತ್ತಿ, ಉಸಿರು ಬಿಗಿಹಿಡಿದು ಎಳೆದಿದ್ದರು. ನನ್ನ ಮದುವೆಗೆ ಮುಂಚೆಯೇ ತೀರಿಕೊಂಡ ಅಪ್ಪ ಹಾಡಿದ ಭಜನೆ ಉಳಿದಿದ್ದುದು ಅದೊಂದರಲ್ಲೇ.

ಅಕ್ಕಿಕಾಳು ನೋಡಿ ಇಬ್ಬರೂ ಹಿಂದಿನ ಸೀಟಿನತ್ತ ತಿರುಗಿದೆವು. ಮುನ್ನಾದಿನ ಆಯುಧಪೂಜೆಗೆ ಕಾರನ್ನು ಪೂಜಿಸಿದವರು ಅಲ್ಲಿ ಕುಳಿತಿದ್ದ ನಮ್ಮತ್ತೆ.

“ಬಾಯಿ ತಕ್ಕೊಂಡು ಕುಂತಿತ್ತು. ಬರೀ ಕುಂಕುಮ ಇಟ್ರೆ ಹೆಂಗೆ ಅಂತ ಒಂದೀಟು ಅಕ್ಷತೆ ಹಾಕ್ದೆ,” ಎಂದರು ಅವರು, ಕಿಟಕಿಯಾಚೆ ನೋಡುತ್ತ.

ಸಿಟ್ಟಿನಲ್ಲೇ ನಾನು ಸಿ.ಡಿ.ಯನ್ನು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿದೆ. ಅಪ್ಪನ ದನಿ ಎಲ್ಲೂ ತಡವರಿಸದೆ ಬಂತು. ಕಾರು ಹೊರಟಿತು. ಭಜನೆ ಮುಗಿದ ಮೇಲೆ ಅತ್ತೆ ಮೆಲ್ಲಗೆ, “ಬೀಗ್ರನ್ನ ಕಣ್ಣಿಂದ ನೋಡೋಕಂತೂ ಆಗ್ಲಿಲ್ಲ. ಇನ್ನೊಂದ್ಸಲ ಹಾಕವ್ವ,” ಎಂದರು.

ಅಂದಿನಿಂದ ಪ್ರತಿ ಆಯುಧಪೂಜೆಗೂ ಅತ್ತೆ ಮೊದಲು ಸ್ಟೀರಿಯೋ ಬಾಯಿಗೆ ಒಂದು ವೀಳ್ಯದೆಲೆ ಅಡ್ಡ ಇಟ್ಟು, ಆಮೇಲೆ ಅಕ್ಷತೆ ಹಾಕುತ್ತಾರೆ. ಯಾಕೆಂದು ಕೇಳಿದವರಿಗೆ ಅವರದು ಒಂದೇ ಉತ್ತರ: “ಒಳಗೆ ನಮ್ಮ ಬೀಗ್ರು ಅದಾರೆ.”